ಸೆಖೆಗೆ ಅಳತೆಗೋಲು ಕೊಟ್ಟ ಹಾಲ್ಡೇನ್

ಹೊನ್ನಾವರದಿಂದ ಭಟ್ಕಳದ ಕಡೆಗೆ ಹೆದ್ದಾರಿಯಲ್ಲಿ ಸಾಗುವಾಗ ಮುರ್ಡೇಶ್ವರಕ್ಕಿಂತ ಮೊದಲು ಮಂಕಿ ಸಿಗುತ್ತದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಘಟ್ಟದ ಸೆರಗು. ನಡುವೆ ತೆಂಗಿನ ತೋಟ, ಗದ್ದೆ, ಕೊಂಕಣ ರೈಲಿನ ಪುಟ್ಟ ನಿಲ್ದಾಣ. ಕೊಯ್ಲು ಮುಗಿದು ನೆಲ ಒಣಗಿದ ಮೇಲೆ ಇಂಥ ಊರುಗಳಲ್ಲಿ ಗದ್ದೆಯೇ ಮೈದಾನ. ಶಾಲೆಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿಯೇ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾವಳಿಗಳ ಭರಾಟೆಯೂ ಇರುವುದರಿಂದ ಹುಡುಗರ ಅಭ್ಯಾಸಕ್ಕೆ ಬೇರೆ ಕಾಲ ಒದಗುವುದಿಲ್ಲ. ಆ ದಿನಗಳಲ್ಲಿ ಪತ್ರಿಕೆ ತೆರೆದರೆ ಕಲಬುರಗಿಯಲ್ಲಿ 42 ಡಿಗ್ರಿ, ಕರಾವಳಿಯಲ್ಲಿ 33 ಡಿಗ್ರಿ ಎಂದಿರುತ್ತದೆ. ಅಂಕಿಯನ್ನಷ್ಟೇ ನೋಡಿದವರಿಗೆ ಮಂಕಿಯ ಹುಡುಗರು ಪುಣ್ಯವಂತರೆನಿಸಬಹುದು.

ಆದರೆ ಕರಾವಳಿಯವರ ಬಾಯಲ್ಲಿ ಬೇಸಿಗೆಗೆ ಬೇರೊಂದು ಮಾತಿದೆ. ಅದು ಬಿಸಿಲಲ್ಲ, ಸೆಖೆ. ನೆರಳಿನಲ್ಲಿ ಕುಳಿತರೂ ಬಿಡದ, ಅಂಗಿಯನ್ನು ಬೆನ್ನಿಗೆ ಅಂಟಿಸುವ, ಬೆವರನ್ನು ಹರಿಸಿಯೂ ಮೈ ತಣಿಸದ ಕಾವು ಅದು. ಬಿಸಿಲಿಗೂ ಸೆಖೆಗೂ ಇರುವ ಅಂತರವನ್ನು ನಮ್ಮ ಹಿರಿಯರು ಭಾಷೆಯಲ್ಲಿಯೇ ಗುರುತಿಸಿಟ್ಟಿದ್ದರು. ವಿಜ್ಞಾನ ಅದನ್ನು ಅಂಕಿಗಳಲ್ಲಿ ಹಿಡಿದದ್ದು 1905ರಲ್ಲಿ. ಹಿಡಿದವರು ಆಟದ ಮೈದಾನದ ಮನುಷ್ಯರಲ್ಲ. ಗಣಿಗಳ ಕತ್ತಲಲ್ಲಿ ಅರ್ಧ ಆಯುಷ್ಯ ಕಳೆದ ಒಬ್ಬ ವೈದ್ಯರು. ಹೆಸರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಅವರ ಮಗ. ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡನ್ನು ತೊರೆದು ಭಾರತಕ್ಕೆ ಬಂದು, ಕೋಲ್ಕತ್ತದಲ್ಲಿ ದುಡಿದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ತಳಿವಿಜ್ಞಾನಿ. ತಂದೆಯ ಕೆಲಸ ಮಗನ ಕೀರ್ತಿಯ ನೆರಳಿನಲ್ಲಿ ಉಳಿದುಬಿಟ್ಟಿದೆ. ಹಾಗೆ ನೋಡಿದರೆ ದಿನನಿತ್ಯದ ಬದುಕಿನಲ್ಲಿ ಹೆಚ್ಚು ಜೀವಗಳನ್ನು ಉಳಿಸಿದವರು ತಂದೆಯೇ.

ಜಾನ್ ಸ್ಕಾಟ್ ಹಾಲ್ಡೇನ್ ಹುಟ್ಟಿದ್ದು 1860ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಮನೆತನ ಸ್ಥಿತಿವಂತರದು, ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧ ಸಚಿವರಾದರು. ತಮ್ಮನಿಗೆ ಅಧಿಕಾರದ ಗೀಳು ಇರಲಿಲ್ಲ. ಎಡಿನ್‌ಬರೋದಲ್ಲಿ 1884ರಲ್ಲಿ ವೈದ್ಯ ಪದವಿ ಪಡೆದ ಅವರು ರೋಗಿಗಳ ನಾಡಿ ಹಿಡಿದು ಕೂರುವ ಬದಲು ಡಂಡೀ ನಗರದ ಬಡವರ ಕೇರಿಗಳಿಗೆ ಹೋಗಿ, ಜನ ಕಿಕ್ಕಿರಿದು ಮಲಗಿದ್ದ ಕೋಣೆಗಳ ಗಾಳಿಯನ್ನು ಸೀಸೆಯಲ್ಲಿ ತುಂಬಿಕೊಂಡು ಬಂದರು. ಉಸಿರಾಡುವ ಗಾಳಿಯಲ್ಲಿ ಏನಿದೆ, ಅದು ದೇಹಕ್ಕೆ ಏನು ಮಾಡುತ್ತದೆ ಎಂಬ ಒಂದೇ ಪ್ರಶ್ನೆ ಅವರನ್ನು ಜೀವನಪೂರ್ತಿ ಅಲೆಸಿತು. ಆಕ್ಸ್‌ಫರ್ಡಿನಲ್ಲಿ ನೆಲೆ ನಿಂತ ಮೇಲೂ ಅವರ ನಿಜವಾದ ಪ್ರಯೋಗಾಲಯ ಗಣಿ, ಸುರಂಗ, ಒಳಚರಂಡಿಗಳೇ ಆಗಿದ್ದವು.

1896ರಲ್ಲಿ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟ ಸಂಭವಿಸಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರ ದೇಹಗಳನ್ನು ಪರೀಕ್ಷಿಸಿದ ಹಾಲ್ಡೇನ್, ಬಹುಪಾಲು ಜನ ಸತ್ತದ್ದು ಸ್ಫೋಟದ ಹೊಡೆತಕ್ಕಲ್ಲ, ಅನಂತರ ಹಬ್ಬಿದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಎಂದು ತೋರಿಸಿದರು. ಆ ಅನಿಲವನ್ನು ಅದಕ್ಕೂ ಮೊದಲೇ ತಾವೇ ಉಸಿರಾಡಿ, ಕಾಲು ತಡವರಿಸುವವರೆಗೆ ಲಕ್ಷಣಗಳನ್ನು ಬರೆದಿಟ್ಟಿದ್ದರು. ಮನುಷ್ಯನಿಗಿಂತ ಬೇಗ ವಿಷಕ್ಕೆ ಸೋಲುವ ಪುಟ್ಟ ಪ್ರಾಣಿಯೊಂದನ್ನು ಗಣಿಗೆ ಜತೆಯಲ್ಲಿ ಒಯ್ಯಬೇಕೆಂಬ ಅವರ ಸಲಹೆಯಿಂದಲೇ ಕ್ಯಾನರಿ ಹಕ್ಕಿ ಗಣಿಗಾರನ ಸಂಗಾತಿಯಾಯಿತು. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳು 1986ರವರೆಗೂ ಸೇವೆಯಲ್ಲಿದ್ದವು.

ಮಗನನ್ನು ಎಳೆಯ ವಯಸ್ಸಿನಲ್ಲಿಯೇ ಅವರು ಗಣಿಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಸುರಂಗದ ಛಾವಣಿಯ ಬಳಿ ಶೇಖರವಾಗಿದ್ದ ಮಿಥೇನ್ ಅನಿಲದಲ್ಲಿ ಹುಡುಗನನ್ನು ನಿಲ್ಲಿಸಿ ಷೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಹೇಳಿಸಿದರಂತೆ. ಕೆಲವು ಸಾಲುಗಳಾಗುವಷ್ಟರಲ್ಲಿ ಹುಡುಗ ಕುಸಿದು ಬಿದ್ದ. ನೆಲದ ಬಳಿ ಒಳ್ಳೆಯ ಗಾಳಿ ಇದ್ದುದರಿಂದ ತಕ್ಷಣ ಚೇತರಿಸಿಕೊಂಡ. ಇಂದು ಯಾವ ತಂದೆಯೂ ಹೀಗೆ ಮಾಡಲಾರ, ಮಾಡಲೂ ಬಾರದು. ಆದರೆ ಅಪಾಯದ ಎಲ್ಲೆ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡು, ಆ ಎಲ್ಲೆಯ ಈಚೆಗೆ ಮರಳುವ ದಾರಿಯನ್ನು ಸಿದ್ಧವಾಗಿಟ್ಟುಕೊಂಡು ಮುಂದುವರಿಯುವ ಕ್ರಮವೂ ಅದರಲ್ಲಿ ಕಾಣುತ್ತದೆ.

ಈ ಕ್ರಮ ಬಿಸಿಯ ಕಡೆಗೆ ತಿರುಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ತವರ ಗಣಿಗಳಲ್ಲಿ ಕಾರ್ಮಿಕರ ಆರೋಗ್ಯ ಹದಗೆಟ್ಟಿತ್ತು. ಅದಕ್ಕೆ ಕೊಕ್ಕೆಹುಳುವಿನ ಸೋಂಕು ಒಂದು ಕಾರಣವೆಂದು ಅವರು ಕಂಡುಹಿಡಿದರು. ಆ ಹುಳುವಿಗೆ ಬೆಚ್ಚನೆಯ ತೇವವೇ ತೊಟ್ಟಿಲು. ಅದೇ ಬೆಚ್ಚನೆಯ ತೇವದಲ್ಲಿ ದುಡಿಯುವ ಮನುಷ್ಯನ ಮೈ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಬಿಸಿಯನ್ನು ದೇಹ ಎಷ್ಟು ತಾಳೀತು ಎಂಬ ಕುತೂಹಲ ಹೊಸದಾಗಿರಲಿಲ್ಲ. 1775ರಷ್ಟು ಹಿಂದೆಯೇ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯ ನೀರು ಕುದಿಯುವುದಕ್ಕಿಂತ ಹೆಚ್ಚು ಕಾವಿನ ಒಣ ಕೋಣೆಯಲ್ಲಿ ಕೆಲವು ನಿಮಿಷ ನಿಂತು, ಪಕ್ಕದಲ್ಲಿಟ್ಟ ಮಾಂಸದ ತುಂಡು ಬೆಂದುಹೋದರೂ ತಾನು ಸುರಕ್ಷಿತವಾಗಿ ಹೊರಬಂದಿದ್ದ. ಹಾಗಿದ್ದ ಮೇಲೆ ಅದರ ಮೂರನೆಯ ಒಂದು ಭಾಗವೂ ಕಾವಿಲ್ಲದ ಗಣಿಯಲ್ಲಿ ಗಟ್ಟಿಮುಟ್ಟಾದ ಯುವಕ ಏಕೆ ಕುಸಿಯುತ್ತಾನೆ?

ಹಾಲ್ಡೇನ್ ಎರಡು ತಾಪಮಾಪಕಗಳನ್ನು ಹಿಡಿದು ಗಣಿಗೆ ಇಳಿದರು. ಒಂದು ಸಾಧಾರಣ ಮಾಪಕ. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿತ್ತು. ಒದ್ದೆ ಬಟ್ಟೆಯ ನೀರು ಆವಿಯಾಗುತ್ತ ಮಾಪಕವನ್ನು ತಣಿಸುತ್ತದೆ. ಗಾಳಿ ಒಣಗಿದ್ದಷ್ಟೂ ಅದರ ಅಂಕಿ ಕೆಳಗಿಳಿಯುತ್ತದೆ, ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಮಾಪಕಗಳು ಹತ್ತಿರ ಹತ್ತಿರ ನಿಲ್ಲುತ್ತವೆ. ಬೆವರಿದ ಮನುಷ್ಯನೂ ಒಂದು ಅರ್ಥದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಾಪಕವೇ. ಸೊಂಟದವರೆಗೆ ಬಟ್ಟೆ ಕಳಚಿ, ಕುಳಿತು, ದುಡಿದು, ಮತ್ತೆ ಮತ್ತೆ ತಮ್ಮ ಮೈಕಾವನ್ನು ಅಳೆದುಕೊಂಡ ಹಾಲ್ಡೇನ್ ಕಂಡುಕೊಂಡದ್ದು ಇಷ್ಟು. ದೇಹದ ಕಾವು ಏರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಒಣ ಮಾಪಕದ ಅಂಕಿಯಲ್ಲ, ಒದ್ದೆ ಮಾಪಕದ ಅಂಕಿ. ಗಾಳಿಯಾಡದ ಕಡೆ ಅದು ಸುಮಾರು 31 ಡಿಗ್ರಿ ದಾಟಿದರೆ ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುತ್ತದೆ. ಕಷ್ಟದ ದುಡಿಮೆ ಮಾಡುವವನಿಗಾದರೆ 25-26 ಡಿಗ್ರಿಯೇ ಗಡಿ. ಗಾಳಿ ಚೆನ್ನಾಗಿ ಬೀಸುತ್ತಿದ್ದರೆ ಗಡಿ ಕೊಂಚ ಮೇಲಕ್ಕೆ ಸರಿಯುತ್ತದೆ. 1905ರಲ್ಲಿ ಈ ಪ್ರಬಂಧ ಪ್ರಕಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನು ಆಧುನಿಕ ಕೋಣೆಯಲ್ಲಿ ಲಘು ಚಟುವಟಿಕೆಗೆ ಒಡ್ಡಿ ಪರೀಕ್ಷಿಸಿದಾಗಲೂ ತೇವದ ಗಾಳಿಯ ಮಿತಿ 30-31 ಡಿಗ್ರಿಯ ಆಸುಪಾಸಿಗೇ ಬಂತು.

ಈ ಲೆಕ್ಕವನ್ನು ಮಂಕಿಯ ಗದ್ದೆಗೆ ತಂದು ನೋಡಬಹುದು. 33 ಡಿಗ್ರಿ ಕಾವು, ನೂರಕ್ಕೆ 75ರಷ್ಟು ಆರ್ದ್ರತೆ ಇದ್ದಾಗ ಒದ್ದೆ ಮಾಪಕ ತೋರಿಸುವುದು ಸುಮಾರು 29 ಡಿಗ್ರಿ. ಕಲಬುರಗಿಯಲ್ಲಿ 42 ಡಿಗ್ರಿ ಕಾವು, ನೂರಕ್ಕೆ 15ರಷ್ಟು ಆರ್ದ್ರತೆ ಇದ್ದರೆ ಅದೇ ಮಾಪಕ 22 ಡಿಗ್ರಿಯಲ್ಲಿ ನಿಲ್ಲುತ್ತದೆ. ಪತ್ರಿಕೆಯ ಅಂಕಿಗೂ ಮೈಗೆ ತಟ್ಟುವ ಸತ್ಯಕ್ಕೂ ಇಲ್ಲಿ ಮುಖಾಮುಖಿ. ಕಲಬುರಗಿಯ ಬಿಸಿಲು ನಿರಪಾಯಕಾರಿ ಎಂದು ಇದರ ಅರ್ಥವಲ್ಲ; ಅಲ್ಲಿ ಸೂರ್ಯನ ನೇರ ಝಳವಿದೆ, ಬೆವರು ಕಾಣದಂತೆ ಆರಿಹೋಗಿ ನೀರು ಬತ್ತುವ ಅಪಾಯವಿದೆ. ಆದರೆ ಕರಾವಳಿಯಲ್ಲಿ ಓಡುವ ಹುಡುಗ ಹಾಲ್ಡೇನ್ ಹೇಳಿದ ದುಡಿಮೆಯ ಗಡಿಯನ್ನು ಆಟ ಶುರುವಾಗುವ ಮೊದಲೇ ದಾಟಿರುತ್ತಾನೆ. ಓಡುವ ದೇಹ ಉರಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊಮ್ಮುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಬಿಟ್ಟು ಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ನೀರೂ ಉಪ್ಪೂ ನಷ್ಟವಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಭಾರತೀಯ ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಘೋಷಿಸುವಾಗ ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿ ಕರ್ನಾಟಕಕ್ಕೆ ಅಂಥ ಮುನ್ನೆಚ್ಚರಿಕೆ ಹೊರಬಿದ್ದಿತ್ತು.

ಹಾಲ್ಡೇನರ ಪ್ರಬಂಧವನ್ನು ಗಣಿ ಇಂಜಿನಿಯರುಗಳು ಓದಿದರು. ಕ್ರೀಡೆಯವರು ಓದಲಿಲ್ಲ. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟವನ್ನು ನಡುಹಗಲಿನ ಸುಡುಬಿಸಿಲಿನಲ್ಲಿ ನಡೆಸಲಾಯಿತು. ಓಟ ಶುರುಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗುರಿ ಮುಟ್ಟಲಿಲ್ಲ. ಪೋರ್ಚುಗಲ್ಲಿನ ಬಡಗಿ ಯುವಕ ಫ್ರಾನ್ಸಿಸ್ಕೊ ಲಾಜರೊ ದಾರಿಯಲ್ಲಿ ಕುಸಿದು ಮರುದಿನ ತೀರಿಕೊಂಡ. ಬಿಸಿಲು ತಾಗದಿರಲೆಂದು ಆತ ಮೈಗೆಲ್ಲ ಕೊಬ್ಬು ಸವರಿಕೊಂಡಿದ್ದನೆಂದೂ, ಅದರಿಂದ ಬೆವರಿನ ದಾರಿಯೇ ಮುಚ್ಚಿತೆಂದೂ ಹೇಳುತ್ತಾರೆ. ಅದೇ ಓಟದಲ್ಲಿ ಬಳಲಿ ಬಿದ್ದ ಜಪಾನಿನ ಕನಕುರಿ ಶಿಜೊ ಯಾರಿಗೂ ತಿಳಿಸದೆ ಊರಿಗೆ ಮರಳಿದವರು, 1967ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ ಉಳಿದ ಓಟ ಮುಗಿಸಿದರೆಂಬುದು ಕ್ರೀಡಾಪ್ರಿಯರಿಗೆಲ್ಲ ಇಷ್ಟವಾದ ಕಥೆ. ಲಾಜರೊನ ಕಥೆಗೆ ಅಂಥ ಎರಡನೆಯ ಅಧ್ಯಾಯವಿಲ್ಲ.

ಎಂಟು ವರ್ಷಗಳ ನಂತರ, 1920ರ ಆಗಸ್ಟ್ 22ರಂದು, ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ ಓಡಿದರು. ಪುಣೆಯ ಡೆಕ್ಕನ್ ಜಿಮಖಾನಾದ ಓಟಗಳಲ್ಲಿ ಬರಿಗಾಲಿನ ಗ್ರಾಮೀಣ ಹುಡುಗರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ಉತ್ಸಾಹದಿಂದ ಸಿದ್ಧವಾದ ತಂಡ ಅದು. ಅಂದು ಅಲ್ಲಿ ತಂಪು ಹವೆ, ತುಂತುರು ಮಳೆ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟ ಮುಗಿಸಿ 19ನೆಯವರಾದರು. ಮಾಮೂಲಿಗಿಂತ ಉದ್ದದ, 42.75 ಕಿಲೋಮೀಟರಿನ ಹಾದಿ ಅದು. ಸ್ಟಾಕ್‌ಹೋಮಿನ ಬಿಸಿಲು ಅಂದು ಆಂಟ್‌ವರ್ಪಿಗೂ ಬಂದಿದ್ದರೆ ಚೌಗುಲೆಯವರ ಪಾಡೇನಾಗುತ್ತಿತ್ತೋ ಎಂದು ಯೋಚಿಸಿದಾಗ, ಓಟಗಾರನ ಸಾಮರ್ಥ್ಯದ ಜತೆಗೆ ಆ ದಿನದ ಹವೆಗೂ ಕೃತಜ್ಞತೆ ಹೇಳಬೇಕೆನಿಸುತ್ತದೆ.

ಹಾಲ್ಡೇನ್ ಈ ನಡುವೆ ಬೇರೆ ಬೇರೆ ಕೆಲಸಗಳಲ್ಲಿ ಮುಳುಗಿದ್ದರು. ಉಸಿರಾಟದ ವೇಗವನ್ನು ನಿಯಂತ್ರಿಸುವುದು ರಕ್ತದ ಇಂಗಾಲದ ಡೈಆಕ್ಸೈಡ್ ಎಂದು ತೋರಿಸಿದರು. ಸಮುದ್ರದಾಳದಿಂದ ಮುಳುಗುಗಾರರು ಹಂತಹಂತವಾಗಿ ಮೇಲೆ ಬರಬೇಕಾದ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಶಿಖರ ಏರಿ ತೆಳುಗಾಳಿಯನ್ನು ಅಭ್ಯಸಿಸಿದರು. 1915ರಲ್ಲಿ ಜರ್ಮನರು ವಿಷಾನಿಲ ಪ್ರಯೋಗಿಸಿದಾಗ ಫ್ರಾನ್ಸಿನ ರಣರಂಗಕ್ಕೆ ಧಾವಿಸಿದರು. ನಂತರ ಗಣಿ ಸಂಶೋಧನಾಲಯದ ನಿರ್ದೇಶಕರಾಗಿ ಮತ್ತೆ ಕಾವಿನ ಪ್ರಶ್ನೆಗೆ ಮರಳಿದರು. ಬಿಸಿ ಗಣಿಗಳಲ್ಲಿ ಕಾರ್ಮಿಕರ ಹೊಟ್ಟೆ, ತೊಡೆಗಳ ಸ್ನಾಯುಗಳು ಗಂಟುಕಟ್ಟಿಕೊಂಡು ನರಳುವ ಸೆಳೆತಕ್ಕೆ, ಬೆವರಿನಲ್ಲಿ ಉಪ್ಪು ಹೋಗಿದ್ದಾಗ ಬರಿಯ ನೀರನ್ನೇ ವಿಪರೀತ ಕುಡಿಯುವುದು ಕಾರಣವೆಂಬುದು 1923ರ ಸುಮಾರಿಗೆ ಅವರ ಸಹೋದ್ಯೋಗಿ ಮಾಸ್ ನಡೆಸಿದ ಅಧ್ಯಯನದಿಂದ ಸ್ಪಷ್ಟವಾಯಿತು. ನೀರಿಗೆ ಚಿಟಿಕೆ ಉಪ್ಪು ಸೇರಿತು, ಸೆಳೆತ ನಿಂತಿತು. ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವ, ಮಜ್ಜಿಗೆ ನೀರನ್ನೋ ಮುರುಗಲ ಹಣ್ಣಿನ ಪಾನಕವನ್ನೋ ಸವಿಯುವ ಕರಾವಳಿಯವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿಯೆಂದರೆ, ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ, ನೀರು ಕೇಳುವವನು ಮೈಗಳ್ಳ ಎಂಬ ನಂಬಿಕೆ ಅದೇ ಜನರ ಮೈದಾನಗಳಲ್ಲಿ ಒಂದು ತಲೆಮಾರಿನ ಹಿಂದಿನವರೆಗೂ ಬೇರೂರಿದ್ದುದು.

ಕರ್ನಾಟಕದಲ್ಲಿ ಹಾಲ್ಡೇನ್ ಕೇಳಿದ ಪ್ರಶ್ನೆ ಅತ್ಯಂತ ಕಠೋರವಾಗಿ ಎದುರಾದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಯ ತಳದಲ್ಲಿ ಬಂಡೆಯೇ ಮುಟ್ಟಲಾಗದಷ್ಟು ಬಿಸಿ. ಅಲ್ಲಿನ ಕಾರ್ಮಿಕರು ದುಡಿಯುತ್ತಲೇ ಕುಸಿದು ಬೀಳುವ ಪ್ರಕರಣಗಳನ್ನು ಎ. ಕಪ್ಲಾನ್ ಎಂಬ ವೈದ್ಯರು ಕೂಲಂಕಷವಾಗಿ ವಿಶ್ಲೇಷಿಸಿ 1944ರಲ್ಲಿ ಬ್ರಿಟನ್ನಿನ ಕೈಗಾರಿಕಾ ವೈದ್ಯಕೀಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಪ್ರಕಟಿಸಿದರು. 2001ರಲ್ಲಿ ಗಣಿ ಮುಚ್ಚಿತು. ಬಿಸಿ ಗಣಿಗಳಿಂದ ಹೊರಬಂದ ಪಾಠಗಳಲ್ಲಿ ಒಂದು ಮಾತ್ರ ಮೈದಾನಕ್ಕೆ ನೇರವಾಗಿ ಸಲ್ಲುತ್ತದೆ: ಕಾವಿಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಮತ್ತು ಹೊಸಬನೇ ಹೆಚ್ಚು ಅಪಾಯದಲ್ಲಿರುತ್ತಾನೆ. ಪರೀಕ್ಷೆ ಮುಗಿಸಿ ಎರಡು ತಿಂಗಳು ಕುಳಿತೇ ಕಳೆದ ವಿದ್ಯಾರ್ಥಿಯನ್ನು ಶಿಬಿರದ ಮೊದಲ ದಿನವೇ ಎರಡು ಗಂಟೆ ಓಡಿಸುವವರು ಇದನ್ನು ಮರೆತಿರುತ್ತಾರೆ. ಮೊದಲ ವಾರ ಅರ್ಧ ಹೊತ್ತು, ಅರ್ಧ ವೇಗ. ತಡವಾಗಿ ಬಂದವನಿಗೆ ಶಿಕ್ಷೆಯೆಂದು ಮೈದಾನ ಸುತ್ತಿಸುವುದಂತೂ ಬೇಡವೇ ಬೇಡ. ಮಕ್ಕಳ ಮೈ ದೊಡ್ಡವರಿಗಿಂತ ತೀರ ಕಡಿಮೆ ಕಾವು ತಾಳುತ್ತದೆಂಬ ಹಳೆಯ ಅಭಿಪ್ರಾಯವನ್ನು ಈಚಿನ ಅಧ್ಯಯನಗಳು ಸಡಿಲಿಸಿವೆ. ಅಪಾಯ ಹುಟ್ಟುವುದು ಹೆಚ್ಚಾಗಿ ತರಬೇತಿಯ ರೀತಿಯಿಂದ: ವಿರಾಮವಿಲ್ಲದ ಹೊತ್ತು, ಜ್ವರ ಬಿಟ್ಟ ಮರುದಿನವೇ ಓಟ, ತಂಡದಿಂದ ಹೊರಬೀಳುವ ಭಯದಲ್ಲಿ ಬಳಲಿಕೆಯನ್ನು ಬಾಯಿಬಿಡದ ಹುಡುಗ.

ಹಾಲ್ಡೇನರ ಒದ್ದೆ ಮಾಪಕಕ್ಕೆ ಒಂದು ಕೊರತೆ ಇತ್ತು. ಗಣಿಯಲ್ಲಿ ಸೂರ್ಯನಿಲ್ಲ, ಮೈದಾನದಲ್ಲಿ ಇದ್ದಾನೆ. ಅಮೆರಿಕದ ನೌಕಾ ಸೈನಿಕರ ತರಬೇತಿ ಶಿಬಿರಗಳಲ್ಲಿ ಎಳೆಯ ಯೋಧರು ಬಿಸಿಲಿಗೆ ಬಲಿಯಾಗುತ್ತಿದ್ದಾಗ ಯಾಗ್ಲೂ ಮತ್ತು ಮಿನಾರ್ಡ್ ಎಂಬ ವಿಜ್ಞಾನಿಗಳು 1957ರ ಹೊತ್ತಿಗೆ ಈ ಕೊರತೆ ತುಂಬಿದರು. ಒದ್ದೆ ಮಾಪಕದ ಅಂಕಿಗೆ ನೂರಕ್ಕೆ 70, ಬಿಸಿಲಿಗೆ ಇಟ್ಟ ಕಪ್ಪು ಗೋಳದೊಳಗಿನ ಮಾಪಕಕ್ಕೆ 20, ಸಾಧಾರಣ ಮಾಪಕಕ್ಕೆ 10 ಎಂಬ ಪಾಲಿನ ಸೂಚ್ಯಂಕವೇ ಇಂದು ಜಗತ್ತಿನ ದೊಡ್ಡ ಕ್ರೀಡಾಕೂಟಗಳಲ್ಲಿ ಬಳಕೆಯಲ್ಲಿದೆ. ಆ ಲೆಕ್ಕದಲ್ಲಿಯೂ ಸಿಂಹಪಾಲು ಹಾಲ್ಡೇನರ ಒದ್ದೆ ಬಟ್ಟೆಗೇ ಸಂದಿದೆ.

ಇಷ್ಟೆಲ್ಲ ತಿಳಿದ ಮೇಲೂ ಹುಡುಗನೊಬ್ಬ ಕುಸಿದರೆ? ಓಡುತ್ತಿದ್ದವನು ತೂರಾಡುವುದು, ಅಸಂಬದ್ಧ ಮಾತಾಡುವುದು, ಸಿಡುಕುವುದು, ಕರೆದರೆ ಓಗೊಡದಿರುವುದು ಉಷ್ಣಾಘಾತದ ಗುರುತು. ಮೈ ಬೆವರಿನಿಂದ ತೊಯ್ದಿದ್ದರೂ ಒಳಗಿನ ಕಾವು 40 ಡಿಗ್ರಿ ಮೀರಿರಬಹುದು. ಚರ್ಮ ಒಣಗಿಲ್ಲವೆಂದು ನಿರಾಳವಾಗುವಂತಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮೈಯನ್ನು ತಣಿಸಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು ಎಂಬುದು ವೈದ್ಯರ ಅನುಭವ. ಆದ್ದರಿಂದ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಕಾಯದೆ, ಅಲ್ಲಿಯೇ ತಣ್ಣೀರಿನಲ್ಲಿ ಮುಳುಗಿಸಬೇಕು, ತಲೆ ಮಾತ್ರ ಮೇಲಿರಬೇಕು, ಒಬ್ಬರು ಹಿಡಿದುಕೊಂಡೇ ಇರಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ್ ಹಾಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು, ನಡುವೆ ಮಲಗಿಸಿ ನೀರೂ ಮಂಜುಗಡ್ಡೆಯೂ ಸುರಿದರೆ ಅದೇ ತೊಟ್ಟಿ. ಮೀನುಗಾರರ ಊರುಗಳಲ್ಲಿ ಮಂಜುಗಡ್ಡೆಗೆ ಬರವಿಲ್ಲ. ಮೀನು ಕೆಡದಿರಲೆಂದು ಪೆಟ್ಟಿಗೆಗಟ್ಟಲೆ ತರುವ ಆ ಗಡ್ಡೆಯಲ್ಲಿ ಒಂದು ಪೆಟ್ಟಿಗೆ ಪಂದ್ಯದ ದಿನ ಮೈದಾನದ ಮೂಲೆಯಲ್ಲಿದ್ದರೆ ದೊಡ್ಡ ಖರ್ಚೇನಲ್ಲ. ಟ್ರೋಫಿ, ಧ್ವನಿವರ್ಧಕ, ಶಾಮಿಯಾನಗಳ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ.

1928ರಲ್ಲಿ ಹಾಲ್ಡೇನರಿಗೆ ಬ್ರಿಟನ್ನಿನ ಕಂಪ್ಯಾನಿಯನ್ ಆಫ್ ಆನರ್ ಗೌರವ ಬಂತು. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ. ವಯಸ್ಸು ಎಪ್ಪತ್ತು ದಾಟಿತ್ತು, ವಿಶ್ರಾಂತಿ ಬಯಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪರ್ಷಿಯಾದ ತೈಲ ಶುದ್ಧೀಕರಣ ಕೇಂದ್ರಗಳಲ್ಲಿ ಕಾರ್ಮಿಕರು ಉಷ್ಣಾಘಾತಕ್ಕೆ ತುತ್ತಾಗುತ್ತಿದ್ದಾರೆಂಬ ಸುದ್ದಿ ಬಂದಾಗ, ಆ ಪ್ರಕರಣಗಳನ್ನು ಕಣ್ಣಾರೆ ಕಂಡು ಪರಿಶೀಲಿಸಲು 75ರ ಅಂಚಿನ ಅವರು ಹೊರಟೇಬಿಟ್ಟರು. ಆ ಪ್ರವಾಸದಿಂದ ಆಕ್ಸ್‌ಫರ್ಡಿನ ಮನೆಗೆ ಮರಳಿದ ಕೆಲವೇ ದಿನಗಳಲ್ಲಿ, 1936ರ ಮಾರ್ಚ್ 14ರ ನಡುರಾತ್ರಿ, ಜಾನ್ ಸ್ಕಾಟ್ ಹಾಲ್ಡೇನ್ ಕೊನೆಯುಸಿರೆಳೆದರು.